ತನ್ನಿಚ್ಛೆಯ ಮಚ್ಚೆ

ಕಲಾಭವನದ ಕಾರ್ಯದರ್ಶಿಗೆ ಕತ್ತು ಅನ್ನುವುದೇ ಇರಲಿಲ್ಲ. ತಲೆಯನ್ನು ತಂದು ನೇರವಾಗಿ ಹೆಗಲ ಮೇಲೆ ಕೂರಿಸಿಬಿಟ್ಟ ಹಾಗಿದ್ದ. ಆಕಾಶ ನೋಡಬೇಕಾದರೆ ಸೊಂಟದಿಂದ ಮೇಲಕ್ಕೆ ಇಡೀ ಮೈಯನ್ನೇ ಹಿಂದಕ್ಕೆ ವಾಲಿಸಬೇಕು ಪುಣ್ಯಾತ್ಮ. ಅಂಥವನು ಇವತ್ತು ಸಂಜೆ ಅಲ್ಲಿಯ ಚಿತ್ರಪ್ರದರ್ಶನದಲ್ಲಿ ಮೈಕು ಹಿಡಿದು ಸೂರ್ಯನ ಬಗ್ಗೆ ಮಾತಾಡುತ್ತಾನೆ ಅನ್ನುವುದು ಹಲ್ಲುಜ್ಜುವಾಗ ನೆನಪಾಗಿ, ಚಿತ್ರ ಬರೆದ ಮೇಷ್ಟ್ರಿಗೆ ಮೈಯೆಲ್ಲಾ ಉರಿಯಿತು. ಬಾಯಿ ಮುಕ್ಕಳಿಸಿ ಜೋರಾಗಿ ಉಗುಳಿದ. ಕಾರ್ಯದರ್ಶಿ ಹಾಳಾಗಿ ಹೋಗಲಿ, ಆ ವಿಮರ್ಶಕ ಇನ್ನೂ ಕಡೆ. ದಪ್ಪ ಕನ್ನಡಕ ಹಾಕಿಕೊಂಡು, ಚಿತ್ರದಿಂದ ಒಂದು ಮಾರು ದೂರ ನಿಂತು, ಗಲ್ಲಕ್ಕೆ ಬೆರಳು ಕೊಟ್ಟು, “ಹ್ಞಾಂ... ಶೂನ್ಯ” ಅನ್ನುವವನು. ಏನು ತೋರಿಸಿದರೂ ಅವನಿಗೆ ಶೂನ್ಯ. ಒಂದು ಸಲ ಇವನು ಬೇಕೆಂದೇ ಚೌಕಟ್ಟನ್ನು ತಿರುಗಿಸಿ ಹಿಂಬದಿಯ ರಟ್ಟು ತೋರಿಸಿದ್ದ. ಆಗಲೂ ವಿಮರ್ಶಕ ಬಹಳ ಹೊತ್ತು ನೋಡಿ ಶೂನ್ಯ ಅಂದಿದ್ದ. ಇಂಥವರ ಮಧ್ಯೆ ಸಂಜೆ ಹೊಸ ಶರಟು ಹಾಕಿಕೊಂಡು, ಕೈಕಟ್ಟಿಕೊಂಡು, ಹಲ್ಲು ಕಿರಿಯುತ್ತಾ ನಿಂತಿರಬೇಕು. ನಿಲ್ಲುತ್ತೇನೆ, ನಿಂತು ಮಜಾ ನೋಡುತ್ತೇನೆ ಅಂದುಕೊಂಡ. ಕನ್ನಡಿಯಲ್ಲಿದ್ದ ಮುಖ ಮಾತ್ರ ಅವನಿಗೆ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ.

ದುರ್ಬೀನನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಮಗು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ತಾರಸಿಯ ಮೆಟ್ಟಿಲು ಹತ್ತಿದ. ಎದುರು ಮನೆಯ ಹೆಂಗಸು ಕಿಟಕಿಯಿಂದ ನೋಡಿ ಒಳಗೆ ಯಾರಿಗೋ ಏನೋ ಹೇಳಿದಳು. ಬಿಸಿಲು ಮೇಷ್ಟ್ರು ಬಂದ ಅಂದಿರುತ್ತಾಳೆ. ಬೀದಿಯವರು ಇಟ್ಟ ಹೆಸರು. ಮೊದಲು ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ. ಹೂಜಿ, ಹೂಕುಂಡ, ಅರ್ಧ ಕೊಯ್ದ ಹಣ್ಣು ಬರೆಸಿ ಬರೆಸಿ ತಲೆಕೆಟ್ಟು ಬಿಟ್ಟು ಬಂದವನು ಅಕ್ಕನ ಮನೆಯಲ್ಲೇ ಉಳಿದ. ಈಗ ಅವನು ಬರೆಯುವುದು ಒಂದೇ, ಸೂರ್ಯ. ದುರ್ಬೀನಿಗೆ ಕಣ್ಣಿಟ್ಟು ಸೂರ್ಯನನ್ನು ನೋಡುವ ಹಾಗಿಲ್ಲ, ಕಣ್ಣೇ ಹೋಗುತ್ತದೆ. ಅದಕ್ಕೇ ದುರ್ಬೀನನ್ನು ಸೂರ್ಯನ ಕಡೆ ತಿರುಗಿಸಿ, ಹಿಂಬದಿಯ ಗಾಜಿನ ಬಿಲ್ಲೆ, ಐಪೀಸು ಅನ್ನುತ್ತಾರಲ್ಲ, ಅದರಿಂದ ಹೊರಬೀಳುವ ಬೆಳಕನ್ನು ಹಲಗೆಗೆ ಸಿಕ್ಕಿಸಿದ ಬಿಳಿ ಕಾಗದದ ಮೇಲೆ ಹಿಡಿಯಬೇಕು. ಊಟದ ತಟ್ಟೆಯಷ್ಟು ದೊಡ್ಡ ಬಿಂಬ ಮೂಡುತ್ತದೆ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಮೆಣಸಿನ ಕಾಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಮಚ್ಚೆ ಅಂತ ಅವನು ಕರೆಯುತ್ತಿದ್ದುದು ಅವನ್ನೇ. ದಿನಾ ಬೆಳಿಗ್ಗೆ ಅವನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು, ಮಧ್ಯಾಹ್ನ ಕೂತು ದೊಡ್ಡ ಹಾಳೆಯ ಮೇಲೆ ಕರಿ ಮಸಿಯಲ್ಲಿ ಬರೆಯುತ್ತಿದ್ದ.

ಈ ಮಚ್ಚೆಗಳೂ ಮನುಷ್ಯರ ಹಾಗೆಯೇ, ಬರೀ ಕುರಿಮಂದೆ. ಸೂರ್ಯ ತಿರುಗಿದ ಹಾಗೆ ಒಂದರ ಹಿಂದೆ ಒಂದು ಈ ಅಂಚಿನಿಂದ ಆ ಅಂಚಿಗೆ ಸಾಲುಗಟ್ಟಿ ಹೋಗಿ ಎರಡು ವಾರದೊಳಗೆ ಮರೆಯಾಗಿಬಿಡುತ್ತವೆ. ಎಂಟು ತಿಂಗಳ ಹಿಂದೆ ಅವನಿಗೆ ಕಂಡ ಮಚ್ಚೆ ಮಾತ್ರ ಹಾಗಿರಲಿಲ್ಲ. ಇವತ್ತು ನಡುವಿನಲ್ಲಿದ್ದರೆ ನಾಳೆ ಮೇಲಂಚಿನಲ್ಲಿ. ನಾಡಿದ್ದು ಯಾರಪ್ಪನ ಮನೆ ಗಂಟು ಅನ್ನುವ ಹಾಗೆ ಬಂದ ದಾರಿಗೇ ವಾಪಸು. ಮಂದೆ ಬಲಕ್ಕೆ ಹೊರಟರೆ ಇದು ಎಡಕ್ಕೆ. ಮಿಕ್ಕವೆಲ್ಲ ಹುಟ್ಟಿ ಸತ್ತರೂ ಇದಕ್ಕೆ ಸಾವಿಲ್ಲ. ಮೊದಲ ವಾರ ಅವನಿಗೆ ಅಳುವೇ ಬಂದಿತ್ತು. ಇಷ್ಟು ವರ್ಷ ಯಾರ ಜತೆಯೂ ಹೆಜ್ಜೆ ಹಾಕಲಾಗದೆ, ಹೆಡ್‌ಮೇಷ್ಟರಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಹತ್ತಿರ ಜಗಳ ಮಾಡಿಕೊಂಡು ಕೂತವನಿಗೆ, ಕೋಟಿಗಟ್ಟಲೆ ಮೈಲಿ ಆಚೆ ತನ್ನವನು ಒಬ್ಬ ಸಿಕ್ಕಿದ ಹಾಗಾಯಿತು. ಅದನ್ನೇ ಬರೆದ, ಎಂಟು ತಿಂಗಳೂ ಅದನ್ನೇ. ಸರಣಿಗೆ ‘ತನ್ನಿಚ್ಛೆಯ ಮಚ್ಚೆ’ ಅಂತ ಹೆಸರಿಟ್ಟ. ಮೊದಲ ಸಲ ಕಲಾಭವನದವರು ತಾವಾಗಿ ಮನೆಗೆ ಬಂದರು. ಉದ್ಘಾಟನೆಗೆ ಯಾರು ಬೇಕು ಅಂದಾಗ ಇವನೇ ಹಟ ಹಿಡಿದು, ಊರಾಚೆ ಗುಡ್ಡದ ಮೇಲಿರುವ ವೀಕ್ಷಣಾಲಯದ ಮೇಡಂ ಬೇಕು ಅಂದ. ಆಕೆ ಜೀವಮಾನವೆಲ್ಲ ಸೂರ್ಯನ ಫೋಟೋ ತೆಗೆದು ತೆಗೆದು ಕಂಪ್ಯೂಟರಿಗೆ ತುಂಬಿದವಳು. ಲೆಕ್ಕದವಳು. ಅಷ್ಟೂ ವರ್ಷ ನೋಡಿ ತನಗೆ ಕಾಣದ್ದು ಒಬ್ಬ ಡ್ರಾಯಿಂಗ್ ಮೇಷ್ಟರಿಗೆ ಕಂಡಿತು ಅಂತ ಆಕೆ ಹತ್ತು ಜನರೆದುರು ಒಪ್ಪಿಕೊಳ್ಳಬೇಕು. ಕಾರ್ಯದರ್ಶಿಗೂ ವಿಮರ್ಶಕನಿಗೂ ಅವನು ಅದನ್ನು ಬಾಯಿಬಿಟ್ಟೇ ಹೇಳಿದ್ದ.

ಆಕೆಯ ಭಾಷಣವೊಂದನ್ನು ಅವನು ಹಿಂದೆ ಕೇಳಿದ್ದುಂಟು. ಗ್ರಂಥಾಲಯದ ಸಭಾಂಗಣದಲ್ಲಿ, ದುರ್ಬೀನು ಹಿಡಿಯುವ ಹೊಸಬರಿಗೆ. ಹತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ತರಕಾರಿಗೆ ಹೊರಟವಳ ಹಾಗೆ ವೇದಿಕೆ ಹತ್ತಿದವಳು, “ನೋಡ್ರಪ್ಪಾ, ಬಿಂಬದಲ್ಲಿ ಏನಾದ್ರೂ ಹೊಸದು ಕಂಡ್ರೆ ಕುಣೀಬೇಡಿ, ಮೊದಲು ದುರ್ಬೀನನ್ನ ಮೆಲ್ಲಗೆ ತಟ್ಟಿ. ಸೂರ್ಯನ ಜತೆ ಅಲುಗಾಡಿದ್ರೆ ಅದು ಸೂರ್ಯಂದು. ಸೂರ್ಯ ಅಲುಗಾಡಿ ಅದು ನಿಂತಲ್ಲೇ ನಿಂತ್ರೆ ನಿಮ್ಮ ಗಾಜಿನ ಕಸ” ಅಂದಿದ್ದಳು. ಜನ ನಕ್ಕಿದ್ದರು. ನಲ್ಲಿ ರಿಪೇರಿಯವನ ಬುದ್ಧಿ ಅಂತ ಅವನು ಅರ್ಧಕ್ಕೇ ಎದ್ದು ಬಂದಿದ್ದ. ತಟ್ಟಬೇಕಂತೆ. ಹೆಂಡತಿಯ ಮುಖ ನೋಡುವ ಮೊದಲು ಕೆನ್ನೆ ಉಜ್ಜಿ ನೋಡಿ ಅನ್ನುವ ಹಾಗಿದೆ. ಕಲಾವಿದ ನೋಡುತ್ತಾನೆ, ತಟ್ಟುವುದಿಲ್ಲ. ವೀಕ್ಷಣಾಲಯದವರು ದಿನಾ ಇಂಟರ್ನೆಟ್ಟಿಗೆ ಹಾಕುವ ಸೂರ್ಯನ ಫೋಟೋಗಳನ್ನೂ ಅವನು ಒಮ್ಮೆಯೂ ನೋಡಿರಲಿಲ್ಲ. ಫೋಟೋ ಇರುವುದು ಕುರುಡರಿಗೆ ಅಂತ ಅವನ ವಾದ.

ಸ್ಟ್ಯಾಂಡಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ. ಸೂರ್ಯ ಸರಿದ ಹಾಗೆ ತಾನೂ ಸರಿಯುವ ಮೋಟಾರಿನ ಸ್ಟ್ಯಾಂಡು, ಬಾವ ಬದುಕಿದ್ದಾಗ ಕೊಡಿಸಿದ್ದು. ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದ ಮನುಷ್ಯ, ಬದುಕಿಡೀ ಜನರ ಪಾದ ಹಿಡಿದು ಅಳತೆ ತೆಗೆದವನು ಮೈದುನನಿಗೆ ಸೂರ್ಯನನ್ನು ಹಿಡಿಯುವ ಯಂತ್ರ ಕೊಡಿಸಿ, “ಇದ್ರಿಂದ ಏನಪ್ಪಾ ಕಾಣ್ಸುತ್ತೆ?” ಅಂತ ಕೇಳಿದ್ದ. ನಿಮಗೆ ಹೇಳಿದರೆ ಅರ್ಥವಾಗಲ್ಲ ಬಾವ ಅಂದಿದ್ದ ಇವನು. ಬಾವ ತಲೆಯಾಡಿಸಿ, ಅದೂ ನಿಜವೇ ಅನ್ನುವ ಹಾಗೆ ನಕ್ಕಿದ್ದ. ಆ ನಗು ಈಗಲೂ ಆಗಾಗ, ಬೇಡವೆಂದಾಗಲೇ, ನೆನಪಿಗೆ ಬಂದು ಕೂರುತ್ತದೆ. ತಾರಸಿಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದ್ದ ಗುರುತು ಇನ್ನೂ ಇತ್ತು. ಅಕ್ಕ ಆಸ್ಪತ್ರೆಯೊಂದರ ನರ್ಸುಗಳ ಯೂನಿಫಾರಂ ಹೊಲಿಯುತ್ತಾಳೆ. ಕತ್ತರಿ ಹಾಕುವ ಮೊದಲು ಥಾನುಗಟ್ಟಲೆ ಬಟ್ಟೆ ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿಬಿಡುತ್ತದೆ. ಆ ಹಗ್ಗದ ಮೇಲೆ ದಿನಾ ಬಿಳಿ ಬಟ್ಟೆ ಪಟಪಟ ಅನ್ನುತ್ತಿತ್ತು, ಇವನ ಕಾಗದದ ಮೇಲೆ ನೆರಳು ಹೊಡೆಯುತ್ತಿತ್ತು. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ, ದುರ್ಬೀನು ಬಿಚ್ಚಿ ಗಾಜುಗಳನ್ನು ಮುಂದೆ ಹರವಿಕೊಂಡು ಕಾಫಿ ಕುಡಿಯುತ್ತಾ ಕೂತವನ ಮೇಲೆ ಒದ್ದೆ ಬಟ್ಟೆಯೊಂದು ಬಂದು ಬಿತ್ತು. ಬಾಯಲ್ಲಿದ್ದ ಕಾಫಿಯ ಸಮೇತ ಕೂಗಾಡಿದ್ದ. ನಿನ್ನ ಈ ದರಿದ್ರ ಬಟ್ಟೆಗೂ ಸೂರ್ಯನಿಗೂ ವ್ಯತ್ಯಾಸ ಗೊತ್ತಾಗದ ಜನ್ಮ ನಿನ್ನದು ಅಂದಿದ್ದ. ಹೊಟ್ಟೆಗೆ ಹಾಕುತ್ತಿದ್ದುದು ಆ ದರಿದ್ರ ಬಟ್ಟೆಯೇ ಅಂತ ಅಕ್ಕ ಹೇಳಬಹುದಿತ್ತು. ಬಕೆಟ್ಟು ಎತ್ತಿಕೊಂಡು ಕೆಳಗಿಳಿದವಳು ಮತ್ತೆ ತಾರಸಿಗೆ ಕಾಲಿಟ್ಟಿಲ್ಲ. ಹಗ್ಗ ಇವನೇ ಬಿಚ್ಚಿದ್ದು. ಆ ವಾರವೇ ಮಚ್ಚೆ ಕಾಣಿಸಿಕೊಂಡಿತು. ತಾರಸಿ ಶುದ್ಧವಾದ ಮೇಲೆ ಸೂರ್ಯ ತನಗೆ ಒಲಿದ ಅಂತಲೇ ಅವನು ತಿಳಿದಿದ್ದ.

ಬಿಂಬ ಬಿತ್ತು. ಮಂದೆಯ ನಾಲ್ಕು ಮಚ್ಚೆ ಬಲಗಡೆ. ನಡುವಿಗೆ ಸ್ವಲ್ಪ ಕೆಳಗೆ ಇವನದು, ತನ್ನ ಪಾಡಿಗೆ ತಾನು. “ಬಂದೆಯೇನೋ” ಅಂದ ಅವನು, ದಿನಾ ಅನ್ನುವ ಹಾಗೆ. ಪೆನ್ಸಿಲು ಚೂಪು ಮಾಡಿ ಕಾಗದಕ್ಕೆ ಮುಟ್ಟಿಸುವಷ್ಟರಲ್ಲಿ ಮೋಟಾರಿನ ಗುಂಯ್ ನಿಂತಿತು. ಬೀದಿಯಲ್ಲಿ ಯಾರೋ “ಹೋಯ್ತಪ್ಪಾ ಕರೆಂಟು” ಅಂದರು. ಥತ್ ಅಂದುಕೊಂಡು ಅವನು ಪೆನ್ಸಿಲು ಎತ್ತಿದ. ಬಿಂಬ ಮೆಲ್ಲಗೆ ಪಕ್ಕಕ್ಕೆ ಜಾರತೊಡಗಿತು. ಮಂದೆಯ ನಾಲ್ಕು ಮಚ್ಚೆಗಳೂ ಬಿಂಬದ ಜತೆಗೇ, ಬಸ್ಸಿನಲ್ಲಿ ಕೂತವರ ಹಾಗೆ ಜಾರಿದವು. ಇವನದು ಜಾರಲಿಲ್ಲ. ಕಾಗದದ ಮೇಲೆ ಎಲ್ಲಿತ್ತೋ ಅಲ್ಲೇ ಇತ್ತು, ಸೂರ್ಯ ಅದರ ಕೆಳಗಿನಿಂದ ಹಾದು ಹೊರಟಿದ್ದ. ನಡುವಿನಲ್ಲಿದ್ದದ್ದು ಅಂಚಿಗೆ ಬಂತು, ಅಂಚು ಅದನ್ನೂ ದಾಟಿ ಹೋಯಿತು, ಕಾಗದ ಮಬ್ಬಾಯಿತು. ಅವನು ಕೈಯಿಂದ ದುರ್ಬೀನನ್ನು ತಳ್ಳಿ ಸೂರ್ಯನನ್ನು ಮತ್ತೆ ತಂದ. ಮಂದೆ ಬಂತು. ಮಚ್ಚೆ ಅದೇ ಜಾಗದಲ್ಲಿ, ಎಲ್ಲೂ ಹೋಗದೆ ಕಾಯುತ್ತಿದ್ದ ಹಾಗೆ ಇತ್ತು. ಮತ್ತೆ ತಳ್ಳಿದ, ಎಡಕ್ಕೆ, ಬಲಕ್ಕೆ. ಕೊನೆಗೆ, ಬೇರೆ ದಾರಿಯೇ ಕಾಣದೆ, ಬೆರಳ ಗೆಣ್ಣಿನಿಂದ ಕೊಳವೆಯನ್ನು ಮೆಲ್ಲಗೆ ತಟ್ಟಿದ. ಸೂರ್ಯ ನಡುಗಿದ, ಮಂದೆ ನಡುಗಿತು. ಮಚ್ಚೆ ಮಿಸುಕಲಿಲ್ಲ. ದಿನವೂ ಸೂರ್ಯ ಗಾಜಿನ ಒಂದೊಂದು ಜಾಗದಲ್ಲಿ ಬೀಳುತ್ತಿದ್ದ, ಇವನು ಬಿಂಬ ಬಿದ್ದಲ್ಲಿಗೆ ಹಲಗೆ ಸರಿಸಿಕೊಳ್ಳುತ್ತಿದ್ದ. ಅದಕ್ಕೇ ಅದು ಒಂದು ದಿನ ನಡುವಿನಲ್ಲಿ, ಒಂದು ದಿನ ಅಂಚಿನಲ್ಲಿ ಬೀಳುತ್ತಿತ್ತು. ಇಷ್ಟೇ ವಿಷಯ.

ಐಪೀಸು ಬಿಚ್ಚಿ ಬೆಳಕಿಗೆ ಹಿಡಿದ. ಒಳಬದಿಯ ಗಾಜಿನ ಮೇಲೆ, ಸಾಸಿವೆಯಷ್ಟೂ ಇಲ್ಲದ ಕಂದು ಹನಿ ಒಣಗಿ ಕೂತಿತ್ತು. ಕಾಫಿ, ಎಂಜಲು ಬೆರೆತ ಕಾಫಿ. ಎಲ್ಲಿಂದ ಬಂತು ಅಂತ ಕೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಆ ಬೆಳಿಗ್ಗೆ ತನ್ನ ಬಾಯಿಂದ ಹಾರಿದ ತುಂತುರನ್ನು ಅಕ್ಕ ಕೆನ್ನೆಯಿಂದ ಸೆರಗಿನಲ್ಲಿ ಒರೆಸಿಕೊಂಡದ್ದು ಕಣ್ಣಿಗೆ ಕಟ್ಟಿತು. ಒಂದು ಹನಿ ಆಕೆಯ ಕೆನ್ನೆಗೆ, ಒಂದು ಹನಿ ಗಾಜಿಗೆ. ಎಂಟು ತಿಂಗಳು ಆ ಹನಿಗೆ ತಾನು ನಮಸ್ಕಾರ ಹಾಕುವುದೊಂದು ಬಾಕಿ ಇತ್ತು. ಅವನಿಗೆ ನಗು ಬಂತು. ತಾರಸಿಯ ಗೋಡೆಗೆ ಒರಗಿ ಕೂತುಬಿಟ್ಟ. ಸಂಜೆ ಲೆಕ್ಕದವಳು ಬರುತ್ತಾಳೆ. ತಾನೇ ಕರೆಸಿದ್ದು, ಮೂರು ಸಲ ಫೋನು ಮಾಡಿಸಿ. ಮೊದಲ ಚಿತ್ರದ ಮುಂದೆಯೇ ಆಕೆಗೆ ಗೊತ್ತಾಗುತ್ತದೆ, ಎರಡನೆಯದಕ್ಕೆ ಹೋಗುವ ಮೊದಲೇ. ಮೈಕಿನಲ್ಲಿ ಹೇಳಿದರೆ? ಕತ್ತಿಲ್ಲದವನು ಇಡೀ ಮೈ ತಿರುಗಿಸಿಕೊಂಡು ತನ್ನ ಕಡೆ ನೋಡುತ್ತಾನೆ. ಶೂನ್ಯ ಅನ್ನುತ್ತಾನೆ ಇನ್ನೊಬ್ಬ, ಮೊದಲ ಸಲ ಸರಿಯಾಗಿ.

“ಏನೋ, ತಿಂಡಿ ಆರಿ ಹೋಗ್ತಿದೆ ಕಣೋ!” ಕೆಳಗಿನಿಂದ ಅಕ್ಕ ಕೂಗಿ, ಕೂಗಿದ್ದಕ್ಕೇ ಕೆಮ್ಮಿದಳು.

ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗಗಳ ತುಂಬ ಒದ್ದೆ ಬಟ್ಟೆ ನೇತಾಡುತ್ತಿತ್ತು. ಎಂಟು ತಿಂಗಳಿಂದ ಈ ಮನೆಯಲ್ಲಿ ತಲೆ ಬಗ್ಗಿಸದೆ ಅಡುಗೆಮನೆಗೆ ಹೋಗುವುದಕ್ಕಾಗುವುದಿಲ್ಲ. ಗೋಡೆಯ ಬುಡವೆಲ್ಲ ಹಸಿ ಹಿಡಿದು ಸುಣ್ಣ ಎದ್ದಿತ್ತು, ಮುಗ್ಗಲು ವಾಸನೆ. ಅಕ್ಕ ಹೊಲಿಗೆ ಮೆಷಿನ್ನಿನ ಪಕ್ಕ ಅವನ ಹೊಸ ಶರಟಿಗೆ ಗುಂಡಿ ಭದ್ರ ಮಾಡುತ್ತಿದ್ದಳು. “ಅಂಗಡಿಯವರ ಗುಂಡಿ ನಂಬೋ ಹಾಗಿಲ್ಲಪ್ಪ. ನಾಲ್ಕು ಜನರ ಮುಂದೆ ಕಿತ್ಕೊಂಡು ಬಿದ್ರೆ ಏನ್ ಗತಿ” ಅಂದು ದಾರ ಹಲ್ಲಿನಲ್ಲಿ ಕಡಿದಳು. ಅವನು ತಟ್ಟೆಯ ಮುಂದೆ ಕೂತ.

“ಅಕ್ಕ, ನೀನು ಸಂಜೆ ಬರ್ಲೇಬೇಕಾ? ಸುಮ್ನೆ ನಿಂತು ನಿಂತು ಕಾಲು ನೋಯುತ್ತೆ. ಭಾಷಣ ಗೀಷಣ, ತಲೆನೋವು.”

“ಚೆನ್ನಾಗಿ ಹೇಳ್ದೆ! ನಿನ್ನ ಮಚ್ಚೆ ನೋಡೋಕೆ ಊರೋರೆಲ್ಲ ಬರ್ತಾರೆ, ಒಡಹುಟ್ಟಿದ ನಾನು ಮನೇಲಿ ಕೂತಿರ್ಲಾ? ಮೂರು ದಿನದಿಂದ ಕೆಲಸ ಮುಂಚೆ ಮುಗಿಸಿ ಇಟ್ಟಿದೀನಿ ಇವತ್ತಿಗೋಸ್ಕರ.” ಸೂಜಿಯನ್ನೇ ನೋಡುತ್ತಾ ಹೇಳಿದಳು: “ಆವತ್ತು ನೀನು ಬೈದಾಗ ನಂಗೆ ತುಂಬಾ ಬೇಜಾರಾಗಿತ್ತು ಕಣೋ. ಆಮೇಲೆ ನೀನು ಅದನ್ನ ಕಂಡುಹಿಡಿದೆ ನೋಡು, ಅವಾಗ ಅನ್ನಿಸ್ತು, ಅಯ್ಯೋ ಪಾಪ, ಅದು ಅಲ್ಲೇ ಇತ್ತು, ನನ್ನ ಬಟ್ಟೆ ಅಡ್ಡ ಬರ್ತಿತ್ತು ಅಂತ. ಬೇಜಾರೆಲ್ಲ ಹೊರಟ್ಹೋಯ್ತು.”

ಈಗ ಹೇಳಿಬಿಡಬಹುದಿತ್ತು. ಎಷ್ಟು ಮಾತು, ನಾಲ್ಕೋ ಐದೋ. ಅಕ್ಕ, ಅದು ಮಚ್ಚೆ ಅಲ್ಲ, ನನ್ನ ಎಂಜಲು. ತುತ್ತು ಬಾಯಲ್ಲಿತ್ತು, ನುಂಗಿದ ಮೇಲೆ ಹೇಳೋಣ ಅಂದುಕೊಂಡ, ನುಂಗಿದ. ಅಷ್ಟರಲ್ಲಿ ಅವನಿಗೆ ಅಕ್ಕನ ಮೇಲೆ ವಿಚಿತ್ರವಾದ ಸಿಟ್ಟು ಹತ್ತಿತು. ಯಾಕೆ ನಂಬಬೇಕು ಇವಳು? ಹೇಳಿದ್ದನ್ನೆಲ್ಲ ನಂಬುವ ಈ ದಡ್ಡತನದಿಂದಲೇ ತಾನು ಹಾಳಾದದ್ದು. ಇವಳೊಬ್ಬಳು ಅವತ್ತು ಬಕೆಟ್ಟಿನ ನೀರನ್ನು ತಲೆ ಮೇಲೆ ಸುರಿದು ಹೋಗೋ ಸಾಕು ಅಂದಿದ್ದರೆ ಗಾಜೂ ತೊಳೆದು ಹೋಗುತ್ತಿತ್ತು, ತನ್ನ ಕೊಬ್ಬೂ ಇಳಿಯುತ್ತಿತ್ತು. “ಉಪ್ಪು ಜಾಸ್ತಿ ಆಗಿದೆ” ಅಂದು ತಟ್ಟೆ ಸರಿಸಿ ಎದ್ದ. ಉಪ್ಪು ಸರಿಯಾಗಿಯೇ ಇತ್ತು.

ಮಧ್ಯಾಹ್ನವೇ ಕಲಾಭವನಕ್ಕೆ ಹೋದ. ಚಿತ್ರಗಳೆಲ್ಲ ಸಾಲಾಗಿ ಗೋಡೆ ಹಿಡಿದಿದ್ದವು. ಪ್ರತಿಯೊಂದರಲ್ಲೂ ಆ ಹನಿ. ಚಿಕ್ಕ ಹನಿಯಲ್ಲ, ಮಸಿಯಲ್ಲಿ ಬೆಳೆಸಿ ಬೆಳೆಸಿ ಅಂಗೈಯಷ್ಟು ಮಾಡಿದ್ದು, ಸುತ್ತ ಎಳೆ ಎಳೆಯಾಗಿ ಜ್ವಾಲೆ ಬರೆದದ್ದು. ಆ ಎಳೆಗಳಿಗಾಗಿ ಕಣ್ಣು ಕೆಂಪಾಗುವ ತನಕ ಕೂತಿದ್ದ. ಕೆಟ್ಟದಾಗಿ ಬರೆದಿದ್ದರಾದರೂ ಸಮಾಧಾನವಿರುತ್ತಿತ್ತು. ಹಾಳಾದ್ದು, ಚೆನ್ನಾಗಿಯೇ ಇದ್ದವು. ಒಂದು ಕ್ಷಣ ಎಲ್ಲವನ್ನೂ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟುಬಿಡೋಣ ಅನ್ನಿಸಿತು. ಇಳಿಸಿದರೆ ಕಾರಣ ಹೇಳಬೇಕು. ಕಾರ್ಯದರ್ಶಿ ಬಂದು ಭುಜ ತಟ್ಟಿದ. “ಮೇಷ್ಟ್ರೇ, ಮುಖ ಯಾಕ್ರೀ ಹಂಗಿದೆ? ಮದುಮಗ ನೀವು ಇವತ್ತು!”

“ವೀಕ್ಷಣಾಲಯದ ಮೇಡಂಗೆ ಆರೋಗ್ಯ ಸರಿ ಇಲ್ಲ ಅಂತ ಕೇಳ್ದೆ. ಬರದಿದ್ರೆ ಬೇಡ ಬಿಡಿ, ತೊಂದ್ರೆ ಕೊಡೋದು ಬೇಡ” ಅಂದ ಇವನು. ಸುಳ್ಳು ಬಾಯಿಂದ ನೀರು ಕುಡಿದಷ್ಟು ಸಲೀಸಾಗಿ ಬಂತು.

“ಯಾರ್ರೀ ಹೇಳಿದ್ದು? ಈಗ ತಾನೇ ಮಾತಾಡಿದೆ, ಗುಂಡುಕಲ್ಲಿನ ಹಂಗಿದಾರೆ. ಹೊರಟಾಯ್ತಂತೆ.” ಕಾರ್ಯದರ್ಶಿ ದನಿ ತಗ್ಗಿಸಿದ. “ನೀವು ಅಂದ ಹಂಗೇ ಆಗ್ಲಿ. ಆಕೆ ಬಾಯಿಂದಾನೇ ಬರಲಿ, ನಮಗ್ಯಾರಿಗೂ ಕಂಡಿಲ್ಲ ಅಂತ. ಪೇಪರಿನೋರನ್ನೂ ಕರೆದಿದೀನಿ.” ವಿಮರ್ಶಕ ದೂರದಲ್ಲಿ ಗಲ್ಲಕ್ಕೆ ಬೆರಳು ಕೊಟ್ಟುಕೊಂಡು ನಿಂತಿದ್ದವನು ಹತ್ತಿರ ಬಂದು, ಈ ಮಚ್ಚೆ ಇದೆಯಲ್ಲ, ಇದು ಮಚ್ಚೆಯೇ ಅಲ್ಲ ಅಂದ. ಇವನ ಎದೆ ಧಸಕ್ಕೆಂದಿತು. ಇದು ವ್ಯಕ್ತಿ, ವ್ಯವಸ್ಥೆಯ ಮೈಮೇಲಿನ ವ್ಯಕ್ತಿ, ಅಂತ ವಿಮರ್ಶಕ ಮುಗಿಸಿದ. ಇಂಥ ಮುಠ್ಠಾಳನ ಮಾತಿಗೆ ತಾನು ಬೆವೆತೆನಲ್ಲ ಅಂತ ಇವನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಯಾರ ಮೂರ್ಖತನವನ್ನು ಕಂಡು ಕಾರಿಕೊಳ್ಳುವಷ್ಟು ಅಸಹ್ಯಪಟ್ಟನೋ, ಇವತ್ತು ಅದೇ ಮೂರ್ಖತನದ ನೆರಳಿನಲ್ಲಿ ಬಚ್ಚಿಟ್ಟುಕೊಳ್ಳಬೇಕಾಗಿತ್ತು. ದೇವರೇ, ಇವರೆಲ್ಲ ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಪ್ಪ ಅಂತ ಬೇಡಿಕೊಂಡ.

ಸಂಜೆ ವೀಕ್ಷಣಾಲಯದ ಮೇಡಂ ಅದೇ ಹತ್ತಿಯ ಚೀಲದೊಂದಿಗೆ ಬಂದಳು. ನೆರೆದವರಿಗೆಲ್ಲ ತಲೆಯಾಡಿಸಿ, ಯಾರ ಜತೆಗೂ ನಿಲ್ಲದೆ, ಮೊದಲ ಚಿತ್ರದ ಮುಂದೆ ಹೋಗಿ ನಿಂತಳು. ಇವನು ಕಂಬದ ಮರೆಯಿಂದ ಆಕೆಯ ಬೆನ್ನನ್ನೇ ನೋಡಿದ. ಮೊದಲನೆಯದಕ್ಕೆ ತಲೆ ಓರೆ ಮಾಡಿದಳು. ಎರಡನೆಯದಕ್ಕೆ ಕನ್ನಡಕ ತೆಗೆದು ಚಿತ್ರದ ಕೆಳಗಿನ ತಾರೀಖು ಓದಿದಳು. ಮೂರನೆಯದರ ಮುಂದೆ ಆಕೆಯ ಹೆಗಲು ಸಣ್ಣಗೆ ಇಳಿಯಿತು, ಉಸಿರು ಬಿಟ್ಟ ಹಾಗೆ. ಅಷ್ಟೇ. ಗೊತ್ತಾಯಿತು ಆಕೆಗೆ. ಆಮೇಲೆ ಮಿಕ್ಕ ಚಿತ್ರಗಳನ್ನೆಲ್ಲ ಒಂದನ್ನೂ ಬಿಡದೆ ನೋಡಿದಳು, ಅದೇ ನಿಧಾನದಲ್ಲಿ, ತಾರೀಖು ಮಾತ್ರ ಓದಲಿಲ್ಲ. ಕಾರ್ಯದರ್ಶಿ ಮೈಕು ಕೊಟ್ಟಾಗ ಇವನು ಕಂಬಕ್ಕೆ ಇನ್ನಷ್ಟು ಒತ್ತಿಕೊಂಡ. ಆಕೆ, ಕೈಯಿಂದ ಸೂರ್ಯನನ್ನು ಬರೆಯುವವರು ಈಗ ಕಡಿಮೆ, ದಿನಾ ಒಂದೇ ಹೊತ್ತಿಗೆ ಎದ್ದು ಬಿಸಿಲಿನಲ್ಲಿ ನಿಲ್ಲುವುದು ಸಣ್ಣ ಮಾತಲ್ಲ, ಈ ಗೆರೆಗಳ ಹಿಂದಿನ ತಾಳ್ಮೆ ದೊಡ್ಡದು ಅಂದಳು. ಮಚ್ಚೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಎರಡು ನಿಮಿಷದಲ್ಲಿ ಮುಗಿಸಿ ಮೈಕು ವಾಪಸು ಕೊಟ್ಟಳು. ಚಪ್ಪಾಳೆ ಬಿತ್ತು. ಬದುಕಿದೆ ಅಂದುಕೊಂಡವನಿಗೆ, ಮರುಗಳಿಗೆಯೇ ಉರಿ ಹತ್ತಿತು. ಕನಿಕರ! ಲೆಕ್ಕದವಳು ತನಗೆ ಕನಿಕರ ತೋರಿಸಿದಳು, ತಪ್ಪು ಲೆಕ್ಕ ಮಾಡಿದ ಹುಡುಗನ ತಲೆ ಸವರುವ ಹಾಗೆ. ಇದಕ್ಕಿಂತ ಎಲ್ಲರೆದುರು ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಮೇಡಂ ಹೊರಡುವ ದಾರಿಗೆ ಅಕ್ಕ ಅಡ್ಡ ಬಂದಿದ್ದಳು. ಪೆಟ್ಟಿಗೆಯ ತಳದಿಂದ ತೆಗೆದ ಹಸಿರು ಶಾಲು ಹೊದ್ದು, ಎಲ್ಲಕ್ಕಿಂತ ದೊಡ್ಡ ಚಿತ್ರದ ಪಕ್ಕ ನಿಂತು, ಮಚ್ಚೆಯ ಕಡೆ ಬೊಟ್ಟು ಮಾಡಿ ತೋರಿಸುತ್ತಿದ್ದಳು. “ಮೇಡಂ, ನಾನು ಇವನ ಅಕ್ಕ. ನಂಗೆ ಓದು ಬರಹ ಅಷ್ಟಕ್ಕಷ್ಟೇ. ಇದನ್ನ ನನ್ನ ತಮ್ಮಾನೇ ಕಂಡುಹಿಡಿದದ್ದಂತೆ, ನಿಜಾನಾ? ನಿಮ್ಮಂಥೋರ ಬಾಯಿಂದ ಒಂದು ಸಲ ಕೇಳ್ಬೇಕು ಅಂತ.” ಇವನು ಓಡಿ ಬಂದು ತಡೆಯುವಷ್ಟರಲ್ಲಿ ಮಾತು ಆಗಿಹೋಗಿತ್ತು. ಆಕೆ ಅಕ್ಕನ ತಲೆಯ ಮೇಲಿಂದ ಇವನನ್ನು ನೋಡಿದಳು. ಇವನು ಕಣ್ಣಿನಲ್ಲೇ ಬೇಡಿದ. ಏನು ಬೇಡಿದ ಅನ್ನುವುದು ಅವನಿಗೇ ಸ್ಪಷ್ಟವಿರಲಿಲ್ಲ.

“ಹೌದಮ್ಮ. ಬೇರೆ ಯಾರಿಗೂ ಕಂಡಿಲ್ಲ ಇದು” ಅಂದಳು ಆಕೆ.

ಅಕ್ಕನ ಮುಖ ಅರಳಿತು. ಖುಷಿಗೆ ಉಸಿರು ಸಿಕ್ಕಿಕೊಂಡು ಕೆಮ್ಮು ಬಂತು. ಶಾಲನ್ನು ಬಾಯಿಗೆ ಒತ್ತಿಕೊಂಡು, ಬಗ್ಗಿ ಬಹಳ ಹೊತ್ತು ಕೆಮ್ಮಿದಳು. ಆಕೆ ಅಕ್ಕನ ಬೆನ್ನು ನೀವಿ, “ತುಂಬಾ ದಿನದಿಂದ ಇದೆಯೇನಮ್ಮ ಈ ಕೆಮ್ಮು?” ಅಂದಳು.

“ಅಯ್ಯೋ, ಇದೇನಿಲ್ಲ ಮೇಡಂ. ಮನೇಲಿ ಸ್ವಲ್ಪ ಥಂಡಿ. ಹೊಲಿಗೆ ಬಟ್ಟೆ ಎಲ್ಲಾ ಒಳಗೇ ಒಣಗಿಸ್ತೀನಲ್ಲ. ತಾರಸಿ ಮೇಲೆ ಹಾಕಿದ್ರೆ ಇದಕ್ಕೆ ನೆರಳು ಬೀಳುತ್ತೆ ನೋಡಿ.” ಅಕ್ಕ ಮಚ್ಚೆಯ ಕಡೆ ಕೈ ತೋರಿಸಿ ನಕ್ಕಳು. “ಎಂಟು ತಿಂಗಳಾಯ್ತು ನಾನು ಮೇಲೆ ಹತ್ತಿ. ಆದ್ರೂ ಸಾರ್ಥಕ ಆಯ್ತು ಬಿಡಿ.”

ಆಕೆಯ ಕೈ ಅಕ್ಕನ ಬೆನ್ನ ಮೇಲೆ ಅಲ್ಲೇ ನಿಂತಿತು. ನಿಧಾನವಾಗಿ ತಿರುಗಿ ಇವನನ್ನು ನೋಡಿದಳು, ಈ ಸಲ ಕನಿಕರವಿರಲಿಲ್ಲ. ಆ ನೋಟ ಇವನಿಗೆ ಚೆನ್ನಾಗಿ ಪರಿಚಯವಿದ್ದದ್ದೇ. ಹೆಡ್‌ಮೇಷ್ಟರನ್ನು, ಬಾವನನ್ನು, ವಿಮರ್ಶಕನನ್ನು ತಾನು ನೋಡುತ್ತಿದ್ದ ನೋಟ. ಇನ್ನೊಬ್ಬರ ಮುಖದ ಮೇಲೆ ಅದು ಹೇಗಿರುತ್ತದೆ ಅನ್ನುವುದನ್ನು ಮಾತ್ರ ಈವರೆಗೆ ಕಂಡಿರಲಿಲ್ಲ. ಆಕೆ ಬೆರಳ ಗೆಣ್ಣಿನಿಂದ ಚೌಕಟ್ಟಿನ ಗಾಜನ್ನು ಎರಡು ಸಲ, ಮೆಲ್ಲಗೆ, ತಟ್ಟಿದಳು. ಚೀಲ ಹೆಗಲಿಗೇರಿಸಿಕೊಂಡು, ಇವನು ಚಾಚಿದ ಕೈಯನ್ನು ನೋಡದೆ ಹೊರಟುಹೋದಳು. “ಏನೋ ಅದು, ತಟ್ಟಿದ್ದು?” ಅಂದಳು ಅಕ್ಕ. “ಗಾಜು ಗಟ್ಟಿ ಇದೆಯಾ ಅಂತ” ಅಂದ ಅವನು. ಅಷ್ಟರಲ್ಲಿ ಕಾರ್ಯದರ್ಶಿ ಇಡೀ ಮೈಯನ್ನು ಕುಲುಕಿಸುತ್ತಾ ಬಂದು ತಬ್ಬಿಕೊಂಡ. ಮುಂದಿನ ವರ್ಷವೂ ಇದೇ ಸರಣಿ, ಇದೇ ಮಚ್ಚೆ. ಆಗ ಬೇರೆ ಊರುಗಳಿಗೂ ಕಳಿಸೋಣ ಮೇಷ್ಟ್ರೇ, ನಿಲ್ಲಿಸಬೇಡಿ ಅಂದ. ಬಸ್ಸಿನಲ್ಲಿ ಮನೆಯ ತನಕವೂ ಅಕ್ಕ, ಬೇರೆ ಯಾರಿಗೂ ಕಂಡಿಲ್ಲವಂತೆ, ಬೇರೆ ಯಾರಿಗೂ ಕಂಡಿಲ್ಲವಂತೆ ಅಂತ ಅದನ್ನೇ ಹೇಳಿಕೊಂಡಳು. ಪಕ್ಕದ ಸೀಟಿನ ಅಪರಿಚಿತಳಿಗೂ ಹೇಳಿದಳು.

ಬೆಳಗಾದಾಗ ಕರೆಂಟಿತ್ತು, ಬಿಸಿಲೂ ಇತ್ತು. ಗಾಜು ಒರೆಸಿ ಮುಗಿಸಿಬಿಡಬೇಕು ಅಂತ ನಿರ್ಧಾರ ಮಾಡಿಕೊಂಡೇ ಅವನು ಮೇಲೆ ಬಂದಿದ್ದ. ಒಂದು ಕೈಯಲ್ಲಿ ಐಪೀಸು, ಇನ್ನೊಂದರಲ್ಲಿ ನೀರಿನಲ್ಲಿ ಅದ್ದಿದ ಹತ್ತಿ. ಒಂದು ಸಲ ಹೀಗೆ ಒತ್ತಿ ಎಳೆದರೆ ಆಯಿತು. ಮೆಟ್ಟಿಲಿನಲ್ಲಿ ಸದ್ದಾಯಿತು. ಅಕ್ಕ ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು ಬಂದು, ತಾರಸಿಗೆ ಕಾಲಿಡದೆ, ಕೊನೆಯ ಮೆಟ್ಟಿಲಿನಲ್ಲೇ ನಿಂತಿದ್ದಳು.

“ಎಕ್ಸಿಬಿಷನ್ನು ಶುರುವಾಯ್ತಲ್ಲಪ್ಪ. ಬರೆಯೋದು ಮುಗೀತು ಅಲ್ವಾ? ಇವತ್ತೊಂದು ದಿನ ಇದನ್ನ ಇಲ್ಲಿ ಹಾಕ್ಲಾ? ಕೆಳಗೆ ಒಣಗ್ತಾನೇ ಇಲ್ಲ ಕಣೋ, ಆಸ್ಪತ್ರೆಯೋರು ಬೇರೆ ಅವಸರ ಮಾಡ್ತಿದಾರೆ.”

ಅವನು ಅಕ್ಕನನ್ನು ನೋಡಿದ. ಬಿಸಿಲಿನಲ್ಲಿ ಆಕೆಯ ಮುಖ ಬಿಳಿಚಿಕೊಂಡಿತ್ತು, ಎಂಟು ತಿಂಗಳು ನೆರಳಿನಲ್ಲಿಟ್ಟ ಗಿಡದ ಹಾಗೆ. ಹಾಕು ಅಂದರೆ ಮುಗಿಯಿತು. ಹಾಕು ಅಂದರೆ ನಾಳೆಯೂ ಹಾಕುತ್ತಾಳೆ, ನಾಡಿದ್ದೂ ಹಾಕುತ್ತಾಳೆ; ನಿನ್ನ ಮಚ್ಚೆ ಎಲ್ಲೋ ಅಂತ ಒಂದು ದಿನ ಕೇಳುತ್ತಾಳೆ. ಲೋಕದಲ್ಲಿ ಅದನ್ನು ಮನಸಾರೆ ನಂಬಿದ ಒಂದೇ ಒಂದು ಮುಖ ಅದು.

“ಇನ್ನೂ ಮುಗಿದಿಲ್ಲಕ್ಕ” ಅಂದ.

“ಹೌದಾ? ಹಂಗಾದ್ರೆ ಬೇಡ ಬೇಡ. ಪಾಪ, ಅದಕ್ಯಾಕೆ ಅಡ್ಡ ಬರೋದು.” ಆಕೆ ಬಕೆಟ್ಟು ಸೊಂಟಕ್ಕೇರಿಸಿಕೊಂಡು ತಿರುಗಿದಳು. ಮೆಟ್ಟಿಲಿಳಿಯುತ್ತಾ ಒಂದು ಸಲ ಕೆಮ್ಮಿದಳು, ತಿರುವಿನಲ್ಲಿ ನಿಂತು ಇನ್ನೊಂದು ಸಲ. ಅವನು ಹತ್ತಿಯನ್ನು ಹಿಂಡಿ, ಬೆರಳಲ್ಲಿ ಹೊಸೆದು ಹೊಸೆದು ಸೂಜಿಯ ಮೊನೆಯಷ್ಟು ಸಣ್ಣಗೆ ಮಾಡಿದ. ಉಸಿರು ಬಿಗಿಹಿಡಿದು, ಗಾಜಿನ ಮೇಲಿನ ಧೂಳನ್ನೆಲ್ಲ ತೆಗೆದ, ಸುತ್ತಲೂ, ಅಂಚಿನಿಂದ ಅಂಚಿಗೆ, ಆ ಹನಿಗೆ ಮಾತ್ರ ಎಲ್ಲೂ ತಾಕದ ಹಾಗೆ. ಐಪೀಸು ಸಿಕ್ಕಿಸಿದ. ಬಿಂಬ ಬಿತ್ತು. ಕೆಳಗೆ ನಡುಮನೆಯಲ್ಲಿ ಅಕ್ಕ ಹಗ್ಗಕ್ಕೆ ಬಟ್ಟೆ ಕೊಡವಿ ಹಾಕುವ ಸದ್ದು, ಕೆಮ್ಮಿನ ಸದ್ದು ಕೇಳುತ್ತಲೇ ಇತ್ತು. ಅವನು ಪೆನ್ಸಿಲು ತೆಗೆದುಕೊಂಡು ಮೊದಲು ಅದನ್ನೇ ಗುರುತು ಹಾಕಿದ.